ಬಂಡೆ ಗಟ್ಟಿಯೋ ಬಿರುಕೋ? ಸದ್ದೇ ಹೇಳುತ್ತದೆ: ಅಣುತ್ಯಾಜ್ಯ ಹೂಳುವ ಮುನ್ನ ಬೋರ್‌ಹೋಲ್‌ನಲ್ಲಿ ನಡೆಯುವ ಶಬ್ದ ಪರೀಕ್ಷೆಯ ಪೂರ್ಣ ವಿವರ

ಅಣು ವಿದ್ಯುತ್ ಸ್ಥಾವರದಲ್ಲಿ ಬಳಸಿ ಮುಗಿದ ಇಂಧನವನ್ನು ಕೊನೆಗೆ ಎಲ್ಲಿಡಬೇಕು? ಫಿನ್ಲೆಂಡ್, ಸ್ವೀಡನ್, ಕೆನಡಾ, ಸ್ವಿಟ್ಜರ್ಲೆಂಡ್, ಫ್ರಾನ್ಸ್ ಸೇರಿದಂತೆ ಹಲವು ದೇಶಗಳು ಇದಕ್ಕೆ ಕಂಡುಕೊಂಡಿರುವ ಉತ್ತರ ಒಂದೇ: ನೆಲದಡಿ ನೂರಾರು ಮೀಟರ್ ಆಳದ ಬಂಡೆಯೊಳಗೆ. ಆದರೆ ಯಾವ ಬಂಡೆ? ಅದರಲ್ಲಿ ಬಿರುಕುಗಳಿವೆಯೇ? ಆ ಬಿರುಕುಗಳಲ್ಲಿ ನೀರು ಹರಿಯುತ್ತದೆಯೇ? ಸುರಂಗ ತೋಡಿದರೆ ಗೋಡೆ ನಿಲ್ಲುತ್ತದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ವಿಜ್ಞಾನಿಗಳು ಬಳಸುವ ವಿಧಾನಗಳಲ್ಲಿ ಮುಖ್ಯವಾದದ್ದು ಶಬ್ದ. ಕಿರಿದಾದ ರಂಧ್ರ ಕೊರೆದು, ಅದರೊಳಗೆ ಕೇಬಲ್‌ನಲ್ಲಿ ಸಾಧನವೊಂದನ್ನು ಇಳಿಸಿ, ಬಂಡೆಗೆ ಶಬ್ದ ತರಂಗ ಬಿಟ್ಟು, ಅದು ಮರಳುವ ರೀತಿಯನ್ನು ದಾಖಲಿಸಲಾಗುತ್ತದೆ. ಈ ಪರೀಕ್ಷೆ ಹೇಗೆ ನಡೆಯುತ್ತದೆ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ನಮ್ಮ ಕೋಲಾರಕ್ಕೂ ಈ ವಿಷಯಕ್ಕೂ ಏನು ನಂಟು? ಇಲ್ಲಿದೆ ಮಾಹಿತಿ.

ನೆಲದಡಿಯೇ ಏಕೆ?

ಬಳಸಿದ ಇಂಧನದಲ್ಲಿ ಹಲವು ಬಗೆಯ ವಿಕಿರಣಶೀಲ ಧಾತುಗಳಿರುತ್ತವೆ. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಪ್ಲುಟೋನಿಯಂ-239ರದ್ದು ಸುಮಾರು 24,100 ವರ್ಷ. ಅಯೋಡಿನ್-129ರದ್ದು 1.5 ಕೋಟಿ ವರ್ಷಕ್ಕೂ ಹೆಚ್ಚು. ಅಂದರೆ ತ್ಯಾಜ್ಯವನ್ನು ಮನುಷ್ಯರಿಂದ ದೂರ ಇಡಬೇಕಾದ ಅವಧಿ ಸಾವಿರಾರು ಅಲ್ಲ, ಲಕ್ಷಾಂತರ ವರ್ಷ. ಅಷ್ಟು ಕಾಲ ಕಾವಲು ಕಾಯುವ ಸರ್ಕಾರವಾಗಲಿ, ಸಂಸ್ಥೆಯಾಗಲಿ ಇರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಬಂಡೆಯ ವಯಸ್ಸು ಮಾತ್ರ ಕೋಟಿಗಳ ಲೆಕ್ಕದಲ್ಲಿದೆ. ಫಿನ್ಲೆಂಡ್‌ನ ಓಲ್ಕಿಲುಓಟೊ ಬಂಡೆಗೆ ಸುಮಾರು 190 ಕೋಟಿ ವರ್ಷ.

ಹಾಗಂತ ತ್ಯಾಜ್ಯವನ್ನು ನೇರವಾಗಿ ಬಂಡೆಗೆ ತುಂಬುವುದಿಲ್ಲ. ಫಿನ್ಲೆಂಡ್ ಮತ್ತು ಸ್ವೀಡನ್ ಮಾದರಿಯಲ್ಲಿ ಇಂಧನವನ್ನು ತಾಮ್ರದ ದಪ್ಪ ಡಬ್ಬಿಯಲ್ಲಿ ಮುಚ್ಚುತ್ತಾರೆ. ಅದರ ಸುತ್ತ ಬೆಂಟೊನೈಟ್ ಎಂಬ, ನೀರು ತಾಗಿದರೆ ಉಬ್ಬುವ ಜೇಡಿಮಣ್ಣನ್ನು ತುಂಬುತ್ತಾರೆ. ಅದರಾಚೆಗೆ ಬಂಡೆ. ಒಂದು ತಡೆ ಸೋತರೆ ಇನ್ನೊಂದು ಇರಲಿ ಎಂಬ ಲೆಕ್ಕ.

ಈ ಎಲ್ಲ ತಡೆಗಳಿಗೂ ಶತ್ರು ಒಂದೇ, ನೀರು. ಡಬ್ಬಿಯನ್ನು ಸವೆಸುವುದು, ವಿಕಿರಣಶೀಲ ಧಾತುಗಳನ್ನು ಕರಗಿಸಿಕೊಂಡು ಮೇಲಕ್ಕೆ ತರುವುದು ಎರಡೂ ಅಂತರ್ಜಲದಿಂದಲೇ ಆಗಬೇಕು. ಗ್ರಾನೈಟ್‌ನಂಥ ಬಂಡೆಯಲ್ಲಿ ನೀರು ಬಂಡೆಯ ಒಳಗಿಂದ ಹೆಚ್ಚು ಹರಿಯುವುದಿಲ್ಲ, ಬಿರುಕುಗಳಿಂದ ಹರಿಯುತ್ತದೆ. ಹಾಗಾಗಿ ಜಾಗ ಹುಡುಕುವುದು ಎಂದರೆ ಬಹುಪಾಲು ಬಿರುಕುಗಳ ಲೆಕ್ಕ ಹಾಕುವುದೇ.

ಕರ್ನಾಟಕದ ಬಯಲುಸೀಮೆಯವರಿಗೆ ಈ ಮಾತು ಹೊಸದಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದಲ್ಲಿ ಬೋರ್‌ವೆಲ್ ಕೊರೆಸುವ ರೈತ ಹುಡುಕುವುದು ಕಲ್ಲಿನೊಳಗಿನ ಇದೇ ಬಿರುಕನ್ನು. ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಸಾಲ. ಅಣುತ್ಯಾಜ್ಯದ ಎಂಜಿನಿಯರ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ರೈತನ ಪಾಲಿಗೆ ವ್ಯರ್ಥವಾದ ಒಣ ಬೋರ್ ಅವರ ಪಾಲಿಗೆ ಒಳ್ಳೆಯ ಸುದ್ದಿ.

ಕಲ್ಲಿನ ತುಂಡು ತೆಗೆದು ನೋಡಿದರೆ ಸಾಲದೇ?

ಜಾಗದ ಪರೀಕ್ಷೆಗೆ ಕೊರೆಯುವ ರಂಧ್ರ ನೀರಿನ ಬೋರ್‌ವೆಲ್‌ನಂತೆ ಕಲ್ಲನ್ನು ಪುಡಿ ಮಾಡುವುದಿಲ್ಲ. ವಜ್ರದ ಹಲ್ಲುಗಳಿರುವ ಟೊಳ್ಳು ಕೊಳವೆಯಿಂದ ಕೊರೆದು, ಕಂಬದಂಥ ಉದ್ದನೆಯ ಕಲ್ಲನ್ನು ಹೊರತೆಗೆಯುತ್ತಾರೆ. ಇದನ್ನು ಕೋರ್ ಎನ್ನುತ್ತಾರೆ. ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿದ ಕೋರ್ ನೋಡಿ ಕಲ್ಲಿನ ಜಾತಿ, ಬಣ್ಣ, ಬಿರುಕು, ಬಿರುಕಿನಲ್ಲಿ ಕೂತ ಖನಿಜ ಎಲ್ಲವನ್ನೂ ಗುರುತಿಸಬಹುದು.

ಆದರೆ ಕೋರ್‌ಗೆ ಒಂದು ದೊಡ್ಡ ಮಿತಿ ಇದೆ. ನೂರಾರು ಮೀಟರ್ ಆಳದಲ್ಲಿ ಬಂಡೆ ಭಾರಿ ಒತ್ತಡದಲ್ಲಿರುತ್ತದೆ. ಅಲ್ಲಿಂದ ತುಂಡೊಂದನ್ನು ಬಿಡಿಸಿ ಮೇಲೆ ತಂದ ಕೂಡಲೇ ಒತ್ತಡ ಇಲ್ಲವಾಗಿ, ಕಲ್ಲು ಸಡಿಲಗೊಂಡು ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳು ಬಾಯಿಬಿಡುತ್ತವೆ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ, ಪಿನಾವಾ ಊರಿನ ಬಳಿ ಇದ್ದ ಭೂಗತ ಸಂಶೋಧನಾ ಪ್ರಯೋಗಾಲಯದಲ್ಲಿ ಇದು ಸ್ಪಷ್ಟವಾಗಿ ಕಂಡಿತ್ತು. 420 ಮೀಟರ್ ಆಳದಿಂದ ತೆಗೆದ ಗ್ರಾನೈಟ್ ಪ್ರಯೋಗಾಲಯದ ಮೇಜಿನ ಮೇಲೆ ಇದ್ದುದಕ್ಕಿಂತ ದುರ್ಬಲವಾಗಿ ಕಂಡಿತು. ಬಂಡೆ ಕೆಟ್ಟದ್ದಾಗಿರಲಿಲ್ಲ, ಅದನ್ನು ಹೊರತೆಗೆದ ಕೆಲಸವೇ ಅದನ್ನು ಕೆಡಿಸಿತ್ತು.

ಇನ್ನೊಂದು ತೊಂದರೆ ಎಂದರೆ ಕೋರ್ ಹೊರತೆಗೆಯುವಾಗ ತಿರುಗುತ್ತದೆ, ಮುರಿಯುತ್ತದೆ. ಬಿರುಕು ಉತ್ತರಕ್ಕೆ ವಾಲಿತ್ತೋ ಪೂರ್ವಕ್ಕೋ ಎಂಬುದು ತಿಳಿಯದೇ ಹೋಗಬಹುದು. ಅತಿ ಹೆಚ್ಚು ಬಿರುಕಿರುವ, ಅಂದರೆ ಅತಿ ಮುಖ್ಯವಾದ ಭಾಗವೇ ಪುಡಿಯಾಗಿ ಕಳೆದುಹೋಗುವುದೂ ಉಂಟು. ಹೀಗಾಗಿ ಬಂಡೆ ಇದ್ದ ಜಾಗದಲ್ಲೇ, ಅದರ ಒತ್ತಡದಲ್ಲೇ ಅದನ್ನು ಅಳೆಯುವ ವಿಧಾನ ಬೇಕಾಗುತ್ತದೆ.

ಏನಿದು ಸೋನಿಕ್ ಲಾಗಿಂಗ್?

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಟಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಎಲ್ಲೋ ಸೀಳಿದೆ ಎಂದರ್ಥ. ಸೋನಿಕ್ ಲಾಗಿಂಗ್‌ನ ತತ್ವವೂ ಇದೇ. ವ್ಯತ್ಯಾಸವೆಂದರೆ ಇಲ್ಲಿ ಕಿವಿಯ ಬದಲು ಮೈಕ್ರೋಸೆಕೆಂಡ್ ಲೆಕ್ಕ ಇಡುವ ಯಂತ್ರ ಇರುತ್ತದೆ.

ಈ ತಂತ್ರ ಹುಟ್ಟಿದ್ದು ಅಣುತ್ಯಾಜ್ಯಕ್ಕಾಗಿ ಅಲ್ಲ, ತೈಲ ಉದ್ಯಮಕ್ಕಾಗಿ. ತೈಲ ಬಾವಿಗಳಲ್ಲಿ ಶಬ್ದವೇಗ ಅಳೆಯುವ ಸಾಧನಗಳು 1950ರ ದಶಕದಲ್ಲಿ ಬಳಕೆಗೆ ಬಂದವು. ಅದೇ ಸಾಧನಗಳನ್ನು ನಂತರ ಗ್ರಾನೈಟ್, ಜೇಡಿಶಿಲೆ, ಉಪ್ಪಿನ ಪದರಗಳಿಗೂ ಹೊಂದಿಸಿಕೊಳ್ಳಲಾಯಿತು.

ಸಾಧನ ನೋಡಲು ಉದ್ದನೆಯ ಲೋಹದ ಕೊಳವೆಯಂತಿರುತ್ತದೆ. ಒಂದು ತುದಿಯಲ್ಲಿ ಶಬ್ದ ಹೊರಡಿಸುವ ಟ್ರಾನ್ಸ್‌ಮಿಟರ್, ಸ್ವಲ್ಪ ದೂರದಲ್ಲಿ ಸಾಲಾಗಿ ಹಲವು ರಿಸೀವರ್‌ಗಳು. ರಂಧ್ರದಲ್ಲಿ ನೀರು ತುಂಬಿರಬೇಕು, ಏಕೆಂದರೆ ಶಬ್ದ ಸಾಧನದಿಂದ ಬಂಡೆಗೆ ದಾಟುವುದು ಆ ನೀರಿನ ಮೂಲಕವೇ. ಸಾಧನವನ್ನು ತಳಕ್ಕಿಳಿಸಿ, ನಿಧಾನವಾಗಿ ಮೇಲಕ್ಕೆ ಎಳೆಯುತ್ತಾ ಕೆಲವು ಸೆಂಟಿಮೀಟರ್‌ಗೊಮ್ಮೆ ಅಳತೆ ತೆಗೆಯುತ್ತಾರೆ.

ರಿಸೀವರ್‌ಗಳು ಒಂದಕ್ಕಿಂತ ಹೆಚ್ಚು ಇರುವುದಕ್ಕೂ ಕಾರಣವಿದೆ. ಶಬ್ದ ಮೊದಲು ನೀರು ದಾಟಿ, ಬಂಡೆಯೊಳಗೆ ಓಡಿ, ಮತ್ತೆ ನೀರು ದಾಟಿ ರಿಸೀವರ್ ತಲುಪುತ್ತದೆ. ಮೊದಲ ಮತ್ತು ಎರಡನೇ ರಿಸೀವರ್ ತಲುಪಿದ ಸಮಯಗಳ ವ್ಯತ್ಯಾಸ ತೆಗೆದುಕೊಂಡರೆ ನೀರಿನಲ್ಲಿ ಕಳೆದ ಸಮಯ ಲೆಕ್ಕದಿಂದ ಹೊರಬೀಳುತ್ತದೆ. ಉಳಿಯುವುದು ಬಂಡೆಯಲ್ಲಿ ಕಳೆದ ಸಮಯ ಮಾತ್ರ.

ಯಾವುದರಲ್ಲಿ ಶಬ್ದ ಎಷ್ಟು ವೇಗ?

ಶಬ್ದ ಒಂದು ಸೆಕೆಂಡಿನಲ್ಲಿ ಸಾಗುವ ದೂರದ ಅಂದಾಜು ಹೀಗಿದೆ:

- ಗಾಳಿಯಲ್ಲಿ: ಸುಮಾರು 340 ಮೀಟರ್
- ನೀರಿನಲ್ಲಿ: ಸುಮಾರು 1,500 ಮೀಟರ್
- ಜೇಡಿಶಿಲೆಯಲ್ಲಿ: ಸುಮಾರು 2,500ರಿಂದ 3,500 ಮೀಟರ್
- ಕಲ್ಲುಪ್ಪಿನಲ್ಲಿ: ಸುಮಾರು 4,500 ಮೀಟರ್
- ಬಿರುಕಿಲ್ಲದ ಗ್ರಾನೈಟ್‌ನಲ್ಲಿ: ಸುಮಾರು 5,500ರಿಂದ 6,000 ಮೀಟರ್

ಗಟ್ಟಿ ಗ್ರಾನೈಟ್‌ನಲ್ಲಿ ಒಂದು ಮೀಟರ್ ದಾಟಲು ಶಬ್ದಕ್ಕೆ ಸುಮಾರು 182 ಮೈಕ್ರೋಸೆಕೆಂಡ್ ಸಾಕು. ಬಿರುಕುಬಿಟ್ಟು, ಶಿಥಿಲಗೊಂಡು ವೇಗ 4,500 ಮೀಟರ್‌ಗೆ ಇಳಿದಿದ್ದರೆ ಅದೇ ದೂರಕ್ಕೆ 222 ಮೈಕ್ರೋಸೆಕೆಂಡ್ ಬೇಕು. ವ್ಯತ್ಯಾಸ 40 ಮೈಕ್ರೋಸೆಕೆಂಡ್, ಅಂದರೆ ಒಂದು ಸೆಕೆಂಡನ್ನು 10 ಲಕ್ಷ ಭಾಗ ಮಾಡಿದರೆ ಅದರಲ್ಲಿ 40 ಭಾಗ. ಬಂಡೆಯ ಹಣೆಬರಹ ಈ ಸಣ್ಣ ವ್ಯತ್ಯಾಸದಲ್ಲಿ ಅಡಗಿರುತ್ತದೆ.

ಮೂರು ತರಂಗ, ಮೂರು ಸುದ್ದಿ

ಒಂದೇ ಬಾರಿ ಶಬ್ದ ಬಿಟ್ಟರೂ ರಿಸೀವರ್‌ಗೆ ಬರುವುದು ಒಂದೇ ತರಂಗವಲ್ಲ. ಮುಖ್ಯವಾಗಿ ಮೂರು ಬರುತ್ತವೆ, ಒಂದರ ಹಿಂದೆ ಒಂದು.

ಮೊದಲು ಬರುವುದು ಪಿ ತರಂಗ. ಇದು ಬಂಡೆಯನ್ನು ಹಿಂದು ಮುಂದು ಒತ್ತುತ್ತಾ ಸಾಗುತ್ತದೆ. ಭೂಕಂಪದ ವೇಳೆ ಮೊದಲು ದಾಖಲಾಗುವುದೂ ಇದೇ ಬಗೆಯ ತರಂಗ.

ಎರಡನೆಯದು ಎಸ್ ತರಂಗ. ಇದು ಬಂಡೆಯನ್ನು ಅಡ್ಡಡ್ಡ ಅಲುಗಿಸುತ್ತಾ ಸಾಗುತ್ತದೆ. ದ್ರವದಲ್ಲಿ ಇದು ಸಾಗುವುದಿಲ್ಲ, ಹಾಗಾಗಿ ನೀರು ತುಂಬಿದ ಬಿರುಕುಗಳು ಎದುರಾದರೆ ಇದು ಬೇಗ ಬಡವಾಗುತ್ತದೆ. ಪಿ ತರಂಗ ನೀರನ್ನೂ ದಾಟುವುದರಿಂದ ಅದರ ಮೇಲೆ ಪರಿಣಾಮ ಕಡಿಮೆ. ಎರಡರ ವೇಗವನ್ನೂ ಹೋಲಿಸಿ ನೋಡಿದರೆ ಬಂಡೆಯ ಸ್ಥಿತಿ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೂರನೆಯದು ಸ್ಟೋನ್ಲಿ ತರಂಗ. ಇದು ರಂಧ್ರದ ನೀರು ಮತ್ತು ಬಂಡೆಯ ಗೋಡೆ ಸೇರುವ ಜಾಗವನ್ನು ಹಿಡಿದುಕೊಂಡು ಸಾಗುತ್ತದೆ. ಅಣುತ್ಯಾಜ್ಯದ ಮಟ್ಟಿಗೆ ಹೆಚ್ಚು ಬೆಲೆಬಾಳುವ ಸುದ್ದಿ ತರುವುದು ಇದೇ. ಅದನ್ನು ಮುಂದೆ ನೋಡೋಣ.

ಬಂಡೆಯ ಗಡಸುತನದ ಲೆಕ್ಕ ಹೇಗೆ?

ಎಸ್ ತರಂಗದ ವೇಗದ ವರ್ಗವನ್ನು ಬಂಡೆಯ ಸಾಂದ್ರತೆಯಿಂದ ಗುಣಿಸಿದರೆ, ಅಡ್ಡ ಬಲಕ್ಕೆ ಬಂಡೆ ಎಷ್ಟು ಬಗ್ಗದೆ ನಿಲ್ಲುತ್ತದೆ ಎಂಬ ಅಂಕಿ ಸಿಗುತ್ತದೆ. ಒಂದು ಉದಾಹರಣೆ ನೋಡೋಣ. ಗ್ರಾನೈಟ್‌ನ ಒಂದು ಘನ ಮೀಟರ್ ತೂಕ ಸುಮಾರು 2,650 ಕೆ.ಜಿ. ಎಸ್ ತರಂಗದ ವೇಗ ಸೆಕೆಂಡಿಗೆ 3,300 ಮೀಟರ್ ಇದ್ದರೆ ಉತ್ತರ ಸುಮಾರು 29 ಗಿಗಾಪಾಸ್ಕಲ್. ವೇಗ 2,800ಕ್ಕೆ ಇಳಿದರೆ ಉತ್ತರ ಸುಮಾರು 21 ಗಿಗಾಪಾಸ್ಕಲ್.

ಗಮನಿಸಿ, ವೇಗ ಕಡಿಮೆಯಾದದ್ದು ಶೇ.15ರಷ್ಟು. ಗಡಸುತನ ಕುಸಿದದ್ದು ಶೇ.28ರಷ್ಟು. ಲೆಕ್ಕದಲ್ಲಿ ವೇಗದ ವರ್ಗ ಬರುವುದೇ ಇದಕ್ಕೆ ಕಾರಣ. ಸುರಂಗದ ಅಗಲ ಎಷ್ಟಿರಬೇಕು, ಡಬ್ಬಿಗಳ ನಡುವೆ ಎಷ್ಟು ಅಂತರ ಬೇಕು, ತ್ಯಾಜ್ಯದ ಬಿಸಿಗೆ ಬಂಡೆ ಹಿಗ್ಗಿದಾಗ ಗೋಡೆ ತಡೆದೀತೇ ಎಂಬ ವಿನ್ಯಾಸದ ಪ್ರಶ್ನೆಗಳಿಗೆಲ್ಲ ಈ ಅಂಕಿಗಳು ಬೇಕಾಗುತ್ತವೆ.

ಆದರೆ ಶಬ್ದದಿಂದ ಸಿಗುವ ಗಡಸುತನ ಸಾಮಾನ್ಯವಾಗಿ ಪ್ರಯೋಗಾಲಯದಲ್ಲಿ ಕಲ್ಲನ್ನು ನಿಧಾನವಾಗಿ ಒತ್ತಿ ಅಳೆದಾಗ ಸಿಗುವುದಕ್ಕಿಂತ ಹೆಚ್ಚಿರುತ್ತದೆ. ಶಬ್ದ ಬಂಡೆಯನ್ನು ಅಲುಗಿಸುವುದು ಅತಿ ಸ್ವಲ್ಪ, ಅದೂ ಅತಿ ವೇಗವಾಗಿ. ಆದ್ದರಿಂದ ಎಂಜಿನಿಯರ್‌ಗಳು ಎರಡನ್ನೂ ಹೋಲಿಸಿ, ಸರಿಹೊಂದಿಸಿ ಬಳಸುತ್ತಾರೆ.

ನೀರು ಹರಿಯುವ ಬಿರುಕು ಪತ್ತೆ ಹೇಗೆ?

ಸಾವಿರ ಮೀಟರ್ ರಂಧ್ರದಲ್ಲಿ ನೂರಾರು ಬಿರುಕುಗಳು ಕಾಣಬಹುದು. ಅವುಗಳಲ್ಲಿ ಬಹುಪಾಲು ಖನಿಜ ಕೂತು ಎಂದೋ ಮುಚ್ಚಿಹೋಗಿರುತ್ತವೆ. ತೆರೆದು, ಒಂದಕ್ಕೊಂದು ಸೇರಿ, ನೀರು ಹರಿಸುವುದು ಕೆಲವು ಮಾತ್ರ. ಆ ಕೆಲವನ್ನು ಗುರುತಿಸುವುದೇ ಅಸಲಿ ಸವಾಲು.

ಇಲ್ಲಿ ಸ್ಟೋನ್ಲಿ ತರಂಗ ನೆರವಿಗೆ ಬರುತ್ತದೆ. ಇದು ಸಾಗುವಾಗ ರಂಧ್ರದ ನೀರನ್ನು ಒತ್ತುತ್ತದೆ. ದಾರಿಯಲ್ಲಿ ತೆರೆದ ಬಿರುಕು ಸಿಕ್ಕರೆ ಒಂದಿಷ್ಟು ನೀರು ಅದರೊಳಗೆ ನುಗ್ಗುತ್ತದೆ, ತರಂಗದ ಶಕ್ತಿಯೂ ಜತೆಗೆ ಹೋಗುತ್ತದೆ. ಬಿರುಕಿನಾಚೆ ತರಂಗ ದುರ್ಬಲವಾಗಿ ಕಾಣುತ್ತದೆ. ಒಂದು ಭಾಗ ಬಿರುಕಿಗೆ ತಗುಲಿ ಹಿಂದಕ್ಕೂ ಪುಟಿಯುತ್ತದೆ. ಮುಚ್ಚಿದ ಬಿರುಕಾದರೆ ನೀರು ನುಗ್ಗಲು ಜಾಗವಿಲ್ಲ, ತರಂಗ ಹೆಚ್ಚೇನೂ ಕಳೆದುಕೊಳ್ಳದೆ ಮುಂದೆ ಸಾಗುತ್ತದೆ.

1980ರ ದಶಕದಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮತ್ತು ಕೆನಡಾದ ಸರ್ಕಾರಿ ಅಣುಶಕ್ತಿ ಕಂಪನಿ ಮ್ಯಾನಿಟೋಬಾದ ಗ್ರಾನೈಟ್ ರಂಧ್ರಗಳಲ್ಲಿ ಈ ವಿಧಾನವನ್ನು ಪರೀಕ್ಷಿಸಿದವು. ಭೂವಿಜ್ಞಾನಿ ಫ್ರೆಡರಿಕ್ ಪೈಲೆಟ್ ಅವರ ಹೆಸರು ಈ ಕೆಲಸದೊಂದಿಗೆ ಸೇರಿಕೊಂಡಿದೆ. ಶಬ್ದ ದುರ್ಬಲಗೊಂಡ ಜಾಗಗಳನ್ನು ನೀರಿನ ನೇರ ಪರೀಕ್ಷೆಯ ಫಲಿತಾಂಶದೊಂದಿಗೆ ಹೋಲಿಸಿ ನೋಡುವುದು ಈ ಕೆಲಸದ ತಿರುಳಾಗಿತ್ತು.

ಈ ನೇರ ಪರೀಕ್ಷೆ ಎಂದರೇನು? ಅನುಮಾನ ಬಂದ ಜಾಗದ ಮೇಲೆ ಮತ್ತು ಕೆಳಗೆ ರಬ್ಬರಿನ ಉಬ್ಬುವ ಬಿರಡೆಗಳನ್ನು ಕೂರಿಸಿ, ನಡುವಿನ ಭಾಗಕ್ಕೆ ಒತ್ತಡದಲ್ಲಿ ನೀರು ಬಿಟ್ಟು, ಎಷ್ಟು ಒಳಹೋಗುತ್ತದೆ ಎಂದು ಅಳೆಯುವುದು. ಬಿರುಕು ಎಷ್ಟು ಸೋರುತ್ತದೆ ಎಂಬುದಕ್ಕೆ ಇದು ನೇರ ಸಾಕ್ಷಿ. ಆದರೆ ಒಂದೊಂದು ಜಾಗಕ್ಕೂ ಸಮಯ ಹಿಡಿಯುತ್ತದೆ, ಇಡೀ ರಂಧ್ರಕ್ಕೆ ಮಾಡುತ್ತಾ ಹೋದರೆ ದುಬಾರಿ. ಎಲ್ಲಿ ಮಾಡಬೇಕು ಎಂಬುದನ್ನು ಶಬ್ದ ಪರೀಕ್ಷೆ ತೋರಿಸಿಕೊಡುತ್ತದೆ.

ಶಬ್ದದಿಂದಲೇ ಫೋಟೊ: ಟೆಲಿವ್ಯೂವರ್

ಇದೇ ಕುಟುಂಬದ ಇನ್ನೊಂದು ಸಾಧನ ಅಕೌಸ್ಟಿಕ್ ಟೆಲಿವ್ಯೂವರ್. ಇದೂ ತೈಲ ಉದ್ಯಮದ ಕೊಡುಗೆ, 1960ರ ದಶಕದ ಕೊನೆಯಲ್ಲಿ ಬಂದದ್ದು. ತಿರುಗುವ ತಲೆಯೊಂದು ರಂಧ್ರದ ಗೋಡೆಗೆ ಸುತ್ತಲೂ ಶಬ್ದದ ಮಿಡಿತಗಳನ್ನು ಬಿಡುತ್ತದೆ. ನುಣುಪಾದ ಗಟ್ಟಿ ಗೋಡೆಯಿಂದ ಪ್ರತಿಧ್ವನಿ ಜೋರಾಗಿ ಬರುತ್ತದೆ, ಬಿರುಕಿರುವಲ್ಲಿ ಕ್ಷೀಣವಾಗುತ್ತದೆ. ಇವೆಲ್ಲ ಸೇರಿ ಗೋಡೆಯ ಚಿತ್ರ ಮೂಡುತ್ತದೆ. ಕ್ಯಾಮೆರಾಗೆ ತಿಳಿನೀರು ಬೇಕು, ಇದಕ್ಕೆ ಕೆಸರು ನೀರಾದರೂ ನಡೆಯುತ್ತದೆ.

ಚಿತ್ರವನ್ನು ಹಾಳೆಯಂತೆ ಬಿಡಿಸಿಟ್ಟರೆ ವಾಲಿದ ಬಿರುಕು ಅಲೆಯಾಕಾರದ ಗೆರೆಯಾಗಿ ಕಾಣುತ್ತದೆ. ಬಾಳೆದಿಂಡಿಗೆ ಕಾಗದ ಸುತ್ತಿ, ಕತ್ತಿಯಿಂದ ಓರೆಯಾಗಿ ಕತ್ತರಿಸಿ, ಕಾಗದ ಬಿಡಿಸಿ ನೋಡಿದರೆ ಕಾಣುವ ಅಲೆಯೇ ಇದು. ಅಲೆಯ ಎತ್ತರದಿಂದ ಬಿರುಕಿನ ಓರೆ ಗೊತ್ತಾಗುತ್ತದೆ. 10 ಸೆಂ.ಮೀ. ವ್ಯಾಸದ ರಂಧ್ರದಲ್ಲಿ ಅಲೆಯ ಎತ್ತರವೂ 10 ಸೆಂ.ಮೀ. ಇದ್ದರೆ ಬಿರುಕು 45 ಡಿಗ್ರಿ ವಾಲಿದೆ ಎಂದು ಲೆಕ್ಕ. ಸಾಧನದೊಳಗೆ ದಿಕ್ಕು ಅಳೆಯುವ ವ್ಯವಸ್ಥೆ ಇರುವುದರಿಂದ ಯಾವ ಕಡೆಗೆ ವಾಲಿದೆ ಎಂಬುದೂ ತಿಳಿಯುತ್ತದೆ.

ಟೆಲಿವ್ಯೂವರ್ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಡುತ್ತದೆ. ಬಂಡೆಯ ಮೇಲಿನ ಒತ್ತಡ ಎಲ್ಲ ದಿಕ್ಕಿನಿಂದಲೂ ಸಮನಾಗಿಲ್ಲದಿದ್ದರೆ, ರಂಧ್ರದ ಗೋಡೆ ಎದುರುಬದುರು ಎರಡು ಕಡೆ ಸ್ವಲ್ಪ ಉದುರುತ್ತದೆ. ಲಂಬ ರಂಧ್ರದಲ್ಲಿ ಅಡ್ಡ ಒತ್ತಡ ಕಡಿಮೆ ಇರುವ ದಿಕ್ಕಿನಲ್ಲೇ ಹೀಗಾಗುತ್ತದೆ. ಹೆಚ್ಚಿನ ಒತ್ತಡದ ದಿಕ್ಕು ಅದಕ್ಕೆ ಲಂಬ. ಸುರಂಗವನ್ನು ಯಾವ ದಿಕ್ಕಿಗೆ ತೋಡಿದರೆ ಗೋಡೆಗೆ ಹಾನಿ ಕಡಿಮೆ ಎಂದು ನಿರ್ಧರಿಸಲು ಇದು ಬೇಕೇ ಬೇಕು.

ಸುರಂಗ ತೋಡಿದ ಮೇಲೆ ಬಂಡೆ ‘ಮಾತನಾಡಿದ’ ಪ್ರಯೋಗ

ಬಿರುಕೇ ಇಲ್ಲದ ಒಳ್ಳೆಯ ಬಂಡೆ ಸಿಕ್ಕರೂ ಅದರಲ್ಲಿ ಸುರಂಗ ತೋಡುವ ಕೆಲಸವೇ ಹೊಸ ಬಿರುಕು ಹುಟ್ಟಿಸಬಹುದು. ಪಿನಾವಾ ಪ್ರಯೋಗಾಲಯದಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಪ್ರಯೋಗ ಇದಕ್ಕೆ ಹೆಸರುವಾಸಿ. 420 ಮೀಟರ್ ಆಳದಲ್ಲಿ, ಸ್ಫೋಟಕ ಬಳಸದೆ, 3.5 ಮೀಟರ್ ವ್ಯಾಸದ ಗುಂಡನೆಯ ಸುರಂಗ ತೋಡಲಾಯಿತು. ಅಲ್ಲಿ ಬಂಡೆಯ ಮೇಲಿನ ಅತಿ ಹೆಚ್ಚಿನ ಒತ್ತಡ ಸುಮಾರು 60 ಮೆಗಾಪಾಸ್ಕಲ್ ಇತ್ತು. ಮೇಲಿನ ಕಲ್ಲಿನ ತೂಕದಿಂದ ಬರಬೇಕಾದದ್ದು 11 ಮೆಗಾಪಾಸ್ಕಲ್ ಆಸುಪಾಸು ಮಾತ್ರ. ಅಂದರೆ ಬಂಡೆಯನ್ನು ಮೇಲಿನಿಂದ ತುಳಿಯುವುದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಬಲ ಪಕ್ಕದಿಂದ ಹಿಂಡುತ್ತಿತ್ತು.

ಸುರಂಗ ಮುಂದುವರಿದಂತೆ ಚಾವಣಿ ಮತ್ತು ನೆಲದಲ್ಲಿ ಕಲ್ಲು ಪದರಪದರವಾಗಿ ಉದುರಿ, ವಿ ಆಕಾರದ ಕಚ್ಚು ಬಿತ್ತು. ಸುತ್ತಲ ರಂಧ್ರಗಳಲ್ಲಿ ಕೂರಿಸಿದ್ದ ಸಂವೇದಕಗಳು ಸಣ್ಣ ಬಿರುಕುಗಳು ಹುಟ್ಟುವಾಗ ಬಂದ ಸದ್ದನ್ನು ದಾಖಲಿಸಿದವು. ಇಲ್ಲಿ ಶಬ್ದ ಬಿಟ್ಟವರು ವಿಜ್ಞಾನಿಗಳಲ್ಲ, ಬಂಡೆಯೇ. ಹಾನಿ ಎಲ್ಲಿಂದ ಶುರುವಾಗುತ್ತದೆ, ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದು ಇದರಿಂದ ತಿಳಿಯಿತು. ಈ ಹಾನಿಗೊಂಡ ಪದರ ಮುಖ್ಯ, ಏಕೆಂದರೆ ಸುರಂಗದುದ್ದಕ್ಕೂ ನೀರು ಹರಿಯಲು ಅದೇ ದಾರಿಯಾಗಬಹುದು.

ಪಿನಾವಾದಲ್ಲಿ ತ್ಯಾಜ್ಯ ಹೂಳಲಿಲ್ಲ, ಅದು ಸಂಶೋಧನೆಗಷ್ಟೇ ಇದ್ದ ಜಾಗ. ಈಗ ಅದನ್ನು ಮುಚ್ಚಲಾಗಿದೆ. ಹೀಗೆಯೇ ಸ್ವೀಡನ್‌ನ ಸ್ಟ್ರೀಪಾ ಎಂಬ ಹಳೆಯ ಕಬ್ಬಿಣದ ಗಣಿಯಲ್ಲಿ 1980ರ ದಶಕದಲ್ಲಿ ಅಂತಾರಾಷ್ಟ್ರೀಯ ಪ್ರಯೋಗಗಳು ನಡೆದವು. ಒಂದು ರಂಧ್ರದಿಂದ ತರಂಗ ಬಿಟ್ಟು ಇನ್ನೊಂದರಲ್ಲಿ ಹಿಡಿದು, ನಡುವಿನ ಬಂಡೆಯ ಚಿತ್ರ ಬಿಡಿಸುವ ತಂತ್ರ ಅಲ್ಲಿ ಪಳಗಿತು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್‌ನ ಲೆಕ್ಕವೂ ಇದೇ ಜಾತಿಯದು.

ಎಲ್ಲ ದೇಶಕ್ಕೂ ಒಂದೇ ಬಂಡೆಯೇ?

ಇಲ್ಲ. ಮುಖ್ಯವಾಗಿ ಮೂರು ಬಗೆ ಇವೆ.

ಗ್ರಾನೈಟ್ ಮತ್ತು ಅದರ ಬಂಧುಗಳು: ಫಿನ್ಲೆಂಡ್‌ನ ಓಂಕಾಲೊ ಕೇಂದ್ರ ಸುಮಾರು 430 ಮೀಟರ್ ಆಳದಲ್ಲಿದೆ. 2015ರಲ್ಲಿ ನಿರ್ಮಾಣ ಪರವಾನಗಿ ಸಿಕ್ಕಿ, 2024ರಲ್ಲಿ ಪ್ರಾಯೋಗಿಕ ಕಾರ್ಯಾಚರಣೆ ಶುರುವಾಯಿತು. ಸ್ವೀಡನ್ ಸರ್ಕಾರ 2022ರಲ್ಲಿ ಫೋರ್ಸ್‌ಮಾರ್ಕ್ ಜಾಗಕ್ಕೆ ಒಪ್ಪಿಗೆ ನೀಡಿತು. ಕೆನಡಾ 2024ರ ನವೆಂಬರ್‌ನಲ್ಲಿ ಒಂಟಾರಿಯೊ ಪ್ರಾಂತ್ಯದ ಇಗ್ನೇಸ್ ಪ್ರದೇಶವನ್ನು ಆರಿಸಿತು. ಅದಕ್ಕೂ ಮುನ್ನ ಅಲ್ಲಿ ಸುಮಾರು ಒಂದು ಕಿ.ಮೀ. ಆಳದ ರಂಧ್ರಗಳನ್ನು ಕೊರೆದು ಪರೀಕ್ಷಿಸಲಾಗಿತ್ತು. ಅಲ್ಲಿನ ಮೂಲನಿವಾಸಿ ಸಮುದಾಯ ಮತ್ತು ಪಟ್ಟಣದ ಜನ ಒಪ್ಪಿದ ಮೇಲೆಯೇ ಘೋಷಣೆ ಹೊರಬಿದ್ದದ್ದು.

ಜೇಡಿಶಿಲೆ: ಸ್ವಿಟ್ಜರ್ಲೆಂಡ್ 2019ರಿಂದ 2022ರವರೆಗೆ ಒಂಬತ್ತು ಆಳದ ರಂಧ್ರ ಕೊರೆದು, 2022ರ ಸೆಪ್ಟೆಂಬರ್‌ನಲ್ಲಿ ನಾರ್ಡ್ಲಿಕ್ ಲೇಗರ್ನ್ ಜಾಗವನ್ನು ಸೂಚಿಸಿತು. ಅಲ್ಲಿನ ಓಪಲಿನಸ್ ಜೇಡಿಶಿಲೆಗೆ ಸುಮಾರು 17.5 ಕೋಟಿ ವರ್ಷ. ಜೇಡಿಯ ಗುಣವೆಂದರೆ ಬಿರುಕು ಬಿಟ್ಟರೂ ನೀರು ತಾಗಿ ಉಬ್ಬಿ ತಾನೇ ಮುಚ್ಚಿಕೊಳ್ಳುವುದು. ಶಬ್ದ ಪರೀಕ್ಷೆಗೆ ಮಾತ್ರ ಇದು ಸುಲಭದ ಬಂಡೆಯಲ್ಲ. ಪದರದ ಉದ್ದಕ್ಕೆ ಶಬ್ದ ವೇಗವಾಗಿ, ಪದರಕ್ಕೆ ಅಡ್ಡಲಾಗಿ ನಿಧಾನವಾಗಿ ಸಾಗುತ್ತದೆ. ಹಾಗಾಗಿ ರಂಧ್ರದ ದಿಕ್ಕು ಬದಲಾದರೆ ಅಂಕಿಯೂ ಬದಲಾಗುತ್ತದೆ. ಫ್ರಾನ್ಸ್ ಕೂಡ ಬ್ಯೂರ್ ಬಳಿ ಜೇಡಿಶಿಲೆಯನ್ನೇ ನೆಚ್ಚಿಕೊಂಡಿದೆ.

ಕಲ್ಲುಪ್ಪು: ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸುಮಾರು 655 ಮೀಟರ್ ಆಳದ ಉಪ್ಪಿನ ಪದರದಲ್ಲಿ ರಕ್ಷಣಾ ಕ್ಷೇತ್ರದ ತ್ಯಾಜ್ಯವನ್ನು 1999ರಿಂದ ಇಡಲಾಗುತ್ತಿದೆ. ಉಪ್ಪು ಕಾಲಕ್ರಮೇಣ ಹರಿದು ಸಂದುಗಳನ್ನು ಮುಚ್ಚುತ್ತದೆ. ಶುದ್ಧ ಉಪ್ಪಿನಲ್ಲಿ ಶಬ್ದವೇಗ ಹೆಚ್ಚು ಬದಲಾಗದ ಕಾರಣ, ನಡುವೆ ಜೇಡಿ ಅಥವಾ ಬೇರೆ ಖನಿಜದ ಪದರ ಬಂದರೆ ಲಾಗ್‌ನಲ್ಲಿ ಎದ್ದು ಕಾಣುತ್ತದೆ.

ಶಬ್ದ ಹೇಳದ ವಿಷಯಗಳೇನು?

ಈ ಪರೀಕ್ಷೆ ಪಾಸಾದರೆ ಜಾಗ ಸುರಕ್ಷಿತ ಎಂದು ತಿಳಿಯುವುದು ತಪ್ಪು. ಇದಕ್ಕೆ ಹಲವು ಮಿತಿಗಳಿವೆ.

ಒಂದು, ಸೋನಿಕ್ ಲಾಗಿಂಗ್ ನೋಡುವುದು ರಂಧ್ರದ ಸುತ್ತ ಅಲ್ಪ ದೂರ ಮಾತ್ರ. ಎರಡು ರಂಧ್ರಗಳ ನಡುವೆ ನೂರಾರು ಮೀಟರ್ ಇದ್ದರೆ, ಆ ನಡುವಿನದ್ದು ಬೇರೆ ವಿಧಾನಗಳಿಂದ ಮತ್ತು ಅಂದಾಜಿನಿಂದ ತುಂಬಬೇಕಾದ ಖಾಲಿ ಜಾಗ.

ಎರಡು, ನೇರ ಕೆಳಗೆ ಕೊರೆದ ರಂಧ್ರಕ್ಕೆ ನೇರ ನಿಂತ ಬಿರುಕುಗಳು ಸಿಗುವುದೇ ಅಪರೂಪ. ಅದಕ್ಕೆಂದೇ ಓರೆ ರಂಧ್ರಗಳನ್ನೂ ಕೊರೆಯಬೇಕಾಗುತ್ತದೆ.

ಮೂರು, ವೇಗ ಕಡಿಮೆಯಾದದ್ದಕ್ಕೆ ಕಾರಣ ಬಿರುಕೇ ಆಗಬೇಕೆಂದಿಲ್ಲ. ಖನಿಜ ಬದಲಾಗಿರಬಹುದು, ಕೊರೆಯುವಾಗ ಗೋಡೆ ಸವೆದು ರಂಧ್ರ ಅಗಲವಾಗಿರಬಹುದು. ರಂಧ್ರದ ಅಗಲ, ಸಾಂದ್ರತೆ, ತಾಪಮಾನದ ದಾಖಲೆಗಳನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ನಾಲ್ಕು, ಅಂತರ್ಜಲದ ರಾಸಾಯನಿಕ ಗುಣ ಶಬ್ದಕ್ಕೆ ಗೊತ್ತಾಗುವುದಿಲ್ಲ. ನೀರಿನ ವಯಸ್ಸು, ಉಪ್ಪಿನಂಶ, ಆಮ್ಲಜನಕ ಇದೆಯೇ ಎಂಬುದು ಡಬ್ಬಿಯ ಬಾಳಿಕೆಗೆ ಬಹಳ ಮುಖ್ಯ. ಅದಕ್ಕೆ ನೀರಿನ ಮಾದರಿಯನ್ನೇ ತೆಗೆಯಬೇಕು.

ಐದು, ಕೊರೆದ ರಂಧ್ರವೇ ಮುಂದೆ ಸೋರುವ ದಾರಿಯಾಗಬಹುದು. ಜಾಸ್ತಿ ತಿಳಿಯಲು ಜಾಸ್ತಿ ರಂಧ್ರ ಬೇಕು, ಆದರೆ ಜಾಸ್ತಿ ರಂಧ್ರ ಕೊರೆದಷ್ಟೂ ಬಂಡೆಯ ತಡೆಗುಣಕ್ಕೆ ಧಕ್ಕೆ. ಕೆಲಸ ಮುಗಿದ ಮೇಲೆ ಪ್ರತಿಯೊಂದನ್ನೂ ಬಿಗಿಯಾಗಿ ಮುಚ್ಚಬೇಕು.

ಬ್ರಿಟನ್‌ನ ಸೆಲ್ಲಾಫೀಲ್ಡ್ ಪ್ರಕರಣ ಇಲ್ಲಿ ನೆನಪಿಡಬೇಕಾದದ್ದು. 1990ರ ದಶಕದಲ್ಲಿ ಅಲ್ಲಿ ಹಲವು ಆಳದ ರಂಧ್ರ ಕೊರೆದು ಅಧ್ಯಯನ ನಡೆದಿತ್ತು. ಭೂಗತ ಪರೀಕ್ಷಾ ಕೇಂದ್ರಕ್ಕೆ ಅನುಮತಿ ಕೇಳಿದಾಗ ಸಾರ್ವಜನಿಕ ವಿಚಾರಣೆ ನಡೆದು, 1997ರಲ್ಲಿ ಸರ್ಕಾರ ಅರ್ಜಿಯನ್ನು ತಿರಸ್ಕರಿಸಿತು. ಆ ಜಾಗದ ಅಂತರ್ಜಲದ ಹರಿವು ಜಟಿಲವಾಗಿದ್ದುದು ಆಕ್ಷೇಪಗಳಲ್ಲಿ ಒಂದು. ಸಾಕಷ್ಟು ಅಳತೆ ಮಾಡಿದ ಮಾತ್ರಕ್ಕೆ ಜಾಗ ಒಳ್ಳೆಯದಾಗುವುದಿಲ್ಲ, ಜಾಗ ಸರಿಯಿಲ್ಲ ಎಂದು ತೋರಿಸುವುದೂ ಅಳತೆಯ ಕೆಲಸವೇ.

ಭಾರತದಲ್ಲಿ ಏನಾಗಿದೆ? ಕೋಲಾರದ ನಂಟೇನು?

ಭಾರತ ಬಳಸಿದ ಇಂಧನವನ್ನು ನೇರವಾಗಿ ಹೂಳುವ ನೀತಿ ಹೊಂದಿಲ್ಲ. ಅದನ್ನು ಮರುಸಂಸ್ಕರಿಸಿ ಪ್ಲುಟೋನಿಯಂ, ಯುರೇನಿಯಂ ಬೇರ್ಪಡಿಸಿ, ಉಳಿದ ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನೊಳಗೆ ಸೇರಿಸಿ ಗಟ್ಟಿ ಮಾಡಲಾಗುತ್ತದೆ. ಮುಂಬೈನ ಟ್ರಾಂಬೆ, ತಾರಾಪುರ ಮತ್ತು ಚೆನ್ನೈ ಸಮೀಪದ ಕಲ್ಪಾಕ್ಕಂನಲ್ಲಿ ಈ ಸೌಲಭ್ಯಗಳಿವೆ. ಹೀಗೆ ಮಾಡಿದಾಗ ಉಳಿಯುವ ತ್ಯಾಜ್ಯದ ಪ್ರಮಾಣ ಕಡಿಮೆ, ಆದ್ದರಿಂದ ಆಳದ ಭೂಗತ ಕೇಂದ್ರದ ಅಗತ್ಯ ಸದ್ಯಕ್ಕಿಲ್ಲ ಎಂಬುದು ಪರಮಾಣು ಇಂಧನ ಇಲಾಖೆಯ ನಿಲುವು. ಆದರೆ ಗಾಜಿನಲ್ಲಿ ಸೇರಿದ ತ್ಯಾಜ್ಯಕ್ಕೂ ಕೊನೆಗೊಂದು ಜಾಗ ಬೇಕೇ ಬೇಕು.

ಈ ದಿಕ್ಕಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ 1980ರ ದಶಕದಲ್ಲಿ ಕೋಲಾರ ಚಿನ್ನದ ಗಣಿಯ ಬಳಕೆಯಲ್ಲಿಲ್ಲದ ಭಾಗವೊಂದರಲ್ಲಿ ಪ್ರಯೋಗ ನಡೆಸಿತ್ತು. ಸುಮಾರು 1,000 ಮೀಟರ್ ಆಳದ ಆಂಫಿಬೊಲೈಟ್ ಬಂಡೆಯಲ್ಲಿ ವಿದ್ಯುತ್ ಹೀಟರ್ ಇಟ್ಟು, ತ್ಯಾಜ್ಯದಷ್ಟೇ ಬಿಸಿ ತಾಗಿದರೆ ಬಂಡೆ ಹೇಗೆ ವರ್ತಿಸುತ್ತದೆ ಎಂದು ನೋಡಲಾಯಿತು. ಅಲ್ಲಿ ಇಟ್ಟದ್ದು ಹೀಟರ್, ಅಣುತ್ಯಾಜ್ಯವಲ್ಲ.

ಬಂಡೆಯ ಸದ್ದು ಕೇಳುವುದೂ ಕೆಜಿಎಫ್‌ಗೆ ಹೊಸದಾಗಿರಲಿಲ್ಲ. 3 ಕಿ.ಮೀ.ಗೂ ಆಳದ ಆ ಗಣಿಗಳಲ್ಲಿ ಒತ್ತಡ ತಾಳದೆ ಕಲ್ಲು ಸಿಡಿಯುವ ‘ರಾಕ್ ಬರ್ಸ್ಟ್’ ಕಾರ್ಮಿಕರ ಜೀವ ತೆಗೆಯುತ್ತಿತ್ತು. ಅದರ ಮುನ್ಸೂಚನೆ ಹಿಡಿಯಲು ಗಣಿಯಲ್ಲಿ ಕಂಪನ ಸಂವೇದಕಗಳನ್ನು ಕೂರಿಸಲಾಗಿತ್ತು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಹುಟ್ಟಿಕೊಂಡದ್ದು ಈ ಹಿನ್ನೆಲೆಯಲ್ಲಿ.

2012ರ ನವೆಂಬರ್‌ನಲ್ಲಿ ಕೂಡಂಕುಳಂ ಪ್ರಕರಣದ ವಿಚಾರಣೆ ವೇಳೆ ಸುಪ್ರೀಂ ಕೋರ್ಟ್‌ನಲ್ಲಿ ತ್ಯಾಜ್ಯದ ಕೊನೆಯ ತಾಣವಾಗಿ ಕೆಜಿಎಫ್ ಹೆಸರು ಪ್ರಸ್ತಾಪವಾಗಿತ್ತು. ಸುದ್ದಿ ಹಬ್ಬುತ್ತಿದ್ದಂತೆ ಕೋಲಾರ ಜಿಲ್ಲೆಯಲ್ಲಿ ಪ್ರತಿಭಟನೆ ಭುಗಿಲೆದ್ದಿತು. ಬಳಿಕ ಅಂಥ ಯೋಜನೆ ಇಲ್ಲ ಎಂದು ಸ್ಪಷ್ಟನೆ ನೀಡಲಾಯಿತು.

ಜನರ ಭಯವನ್ನು ಬದಿಗಿಟ್ಟು, ಈ ಲೇಖನದಲ್ಲಿ ಹೇಳಿದ ಅಳತೆಗೋಲಿನಿಂದಲೇ ನೋಡಿದರೂ ಹಳೆಯ ಚಿನ್ನದ ಗಣಿ ಒಳ್ಳೆಯ ಅಭ್ಯರ್ಥಿಯಲ್ಲ. ನೂರು ವರ್ಷಕ್ಕೂ ಮಿಕ್ಕಿ ಅಗೆದ ಸುರಂಗಗಳೇ ನೀರಿಗೆ ದಾರಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಒಳಗೆ ನೀರು ತುಂಬಿದೆ. ಬಂಡೆ ಸಿಡಿದ ಇತಿಹಾಸವಿದೆ. ಜತೆಗೆ ಖನಿಜವಿರುವ ಜಾಗವನ್ನು ಮುಂದಿನ ತಲೆಮಾರು ಗೊತ್ತಿಲ್ಲದೆ ಮತ್ತೆ ಅಗೆಯಬಹುದು.

ಇಂಥ ಸುದ್ದಿ ಬಂದಾಗ ನೀವು ಗಮನಿಸಬೇಕಾದ್ದು

ಮುಂದೆ ಯಾವುದೇ ರಾಜ್ಯದಲ್ಲಿ ಇಂಥ ಜಾಗದ ಹುಡುಕಾಟ ಶುರುವಾದರೆ ‘ಬಂಡೆ ಗಟ್ಟಿಯಿದೆ’ ಎಂಬ ಒಂದು ಸಾಲಿನ ಹೇಳಿಕೆ ಸಾಲದು. ಕೇಳಬೇಕಾದ ಪ್ರಶ್ನೆಗಳು ಇವು:

- ಎಷ್ಟು ರಂಧ್ರ ಕೊರೆಯಲಾಗಿದೆ? ಓರೆ ರಂಧ್ರಗಳೂ ಇವೆಯೇ?
- ಅಳತೆ ನಡೆದದ್ದು ಬಂಡೆ ಇದ್ದಲ್ಲೇ ಆಗಿದೆಯೇ, ಹೊರತೆಗೆದ ಕೋರ್ ಮೇಲೆ ಮಾತ್ರವೇ?
- ಶಬ್ದ ತೋರಿಸಿದ ಬಿರುಕುಗಳನ್ನು ನೀರಿನ ಪರೀಕ್ಷೆಯಿಂದ ಖಚಿತಪಡಿಸಲಾಗಿದೆಯೇ?
- ಅಂತರ್ಜಲದ ರಾಸಾಯನಿಕ ವರದಿ ಎಲ್ಲಿದೆ?
- ಕೊರೆದ ರಂಧ್ರಗಳನ್ನು ಮುಚ್ಚುವ ಯೋಜನೆ ಏನು?
- ದಾಖಲೆಗಳು ಸಾರ್ವಜನಿಕರಿಗೆ ಸಿಗುತ್ತವೆಯೇ? ಸ್ಥಳೀಯರ ಒಪ್ಪಿಗೆ ಯಾವ ಹಂತದಲ್ಲಿ ಕೇಳಲಾಗುತ್ತದೆ?

ಫಿನ್ಲೆಂಡ್‌ನಲ್ಲಿ ಜಾಗದ ಹುಡುಕಾಟ ಶುರುವಾದದ್ದು 1980ರ ದಶಕದಲ್ಲಿ. ಓಲ್ಕಿಲುಓಟೊಗೆ ಅಲ್ಲಿನ ಸಂಸತ್ತು ಒಪ್ಪಿಗೆ ನೀಡಿದ್ದು 2001ರಲ್ಲಿ. ಅಲ್ಲಿಂದ ಪ್ರಾಯೋಗಿಕ ಕಾರ್ಯಾಚರಣೆಗೆ ಮತ್ತೆ ಎರಡು ದಶಕಕ್ಕೂ ಹೆಚ್ಚು ಹಿಡಿಯಿತು. ಆ ಸಮಯದ ದೊಡ್ಡ ಪಾಲು ಹೋದದ್ದು ಬಂಡೆಯನ್ನು ಅಳೆಯುವುದಕ್ಕೆ, ಅಳೆದದ್ದನ್ನು ಇನ್ನೊಬ್ಬರಿಂದ ಪರೀಕ್ಷಿಸುವುದಕ್ಕೆ. ಭಾರತದಲ್ಲಿ ಆ ಕೆಲಸ ಯಾವಾಗ ಆರಂಭವಾದರೂ ಇಷ್ಟೇ ತಾಳ್ಮೆ ಬೇಕಾಗುತ್ತದೆ.